ಹನ್ನೊಂದು ಚಿತ್ರಗಳ ದಾನಿಗಳು

ಕಣ್ಣು ಹೋದ ಮೇಲೂ ಸದಾಶಿವಪ್ಪನ ಸಂಬಳ ನಿಲ್ಲಲಿಲ್ಲ. ನಿಂತದ್ದು ಕೆಲಸ ಮಾತ್ರ. ಶಿಕಾರಿಪುರದ ವಿದ್ಯಾಸಂಸ್ಥೆಯೊಂದರ ಕಚೇರಿಯಲ್ಲಿ ಇಪ್ಪತ್ತೊಂದು ವರ್ಷ ಟೈಪಿಸ್ಟಾಗಿದ್ದವನನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಟ್ರಸ್ಟಿನ ಸೆಕ್ರೆಟರಿ ಗಂಗಾಧರಪ್ಪನವರು "ನೀವು ಸುಮ್ನೆ ಕುಂತಿರ್ರಿ, ಸಾಕು" ಎಂದಿದ್ದರು. ಸುಮ್ಮನೆ ಕೂರುವುದು ಟೈಪಿಂಗಿಗಿಂತ ಕಷ್ಟದ ವಿದ್ಯೆ. ಅದಕ್ಕೆ ಜೂನಿಯರ್, ಸೀನಿಯರ್ ಪರೀಕ್ಷೆಗಳಿಲ್ಲ. ಪಾಸಾದೆವೋ ಇಲ್ಲವೋ ತಿಳಿಯುವುದೂ ಇಲ್ಲ.

ದಿನಾ ಬೆಳಿಗ್ಗೆ ಸೊರಬದಲ್ಲಿ ಹೆಂಡತಿ ಅಕ್ಕನಾಗಮ್ಮ ಬಸ್ಸು ಹತ್ತಿಸುತ್ತಿದ್ದಳು. ಶಿರಾಳಕೊಪ್ಪ ದಾಟಿ ಶಿಕಾರಿಪುರ ಬಂದಾಗ ಕಂಡಕ್ಟರ್ ಗುತ್ಯಪ್ಪ ತೋಳು ಹಿಡಿದು ಇಳಿಸುತ್ತಿದ್ದ. ಸಂಜೆ ಅದೇ ಪಾರ್ಸೆಲ್ಲು ವಾಪಸ್ಸು. ಹಾಗೆಂದು ಸದಾಶಿವಪ್ಪನಿಗೆ ಬೇಸರವೇನೂ ಇರಲಿಲ್ಲ. ಎರಡು ವರ್ಷದಿಂದ ಅವನ ಬೇಸರ, ಸಂತೋಷಗಳೆಲ್ಲ ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ದವಡೆಯಂತೆ ಆಗಿದ್ದವು. ಅಲ್ಲೇ ಇದೆ ಎಂದು ಗೊತ್ತು, ಮುಟ್ಟಿದರೆ ತಿಳಿಯದು.

ತೊಂಬತ್ತೊಂಬತ್ತರ ಜನವರಿಯಲ್ಲಿ ಟ್ರಸ್ಟಿಗೆ ವೆಬ್‌ಸೈಟು ಬೇಕೆನಿಸಿತು. ದಾವಣಗೆರೆ ಕಡೆಯ ಒಂದು ಕಾಲೇಜು ಮಾಡಿಸಿಕೊಂಡಿತ್ತು; ಬೇರೆ ಕಾರಣ ಯಾರೂ ಕೇಳಲಿಲ್ಲ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದ ತೊಗರ್ಸಿಯ ಹುಡುಗಿ ಚೈತ್ರಶ್ರೀಯನ್ನು ಆ ಕೆಲಸಕ್ಕೆ ತೆಗೆದುಕೊಂಡರು. ಅವಳು ಉಗುರಿಗಿಂತ ಚಿಕ್ಕವಾದ ಹನ್ನೊಂದು ಚಿತ್ರ ಬರೆದು ಪುಟದ ನೆತ್ತಿಗೆ ಸಾಲಾಗಿ ಅಂಟಿಸಿದಳು. ಮನೆ ಒತ್ತಿದರೆ ಮೊದಲ ಪುಟ, ಗಂಟೆ ಒತ್ತಿದರೆ ವೇಳಾಪಟ್ಟಿ, ಮಂಚ ಒತ್ತಿದರೆ ಹಾಸ್ಟೆಲ್ಲು, ಲಕೋಟೆ ಒತ್ತಿದರೆ ಪತ್ರ. ಪುಟವೆಲ್ಲ ಇಂಗ್ಲಿಷಿನಲ್ಲಿತ್ತು, ಕನ್ನಡದ ಅಕ್ಷರ ಹಾಕಿದರೆ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಅವತಾರ ಎತ್ತುತ್ತಿದ್ದುದರಿಂದ.

ಅದೇ ಹೊತ್ತಿಗೆ ಟ್ರಸ್ಟಿನ ಹೊಸ ಸದಸ್ಯರೊಬ್ಬರು ಬಾಗಿಲ ಪಕ್ಕದ ಕುರ್ಚಿಯ ಬಗ್ಗೆ ವಿಚಾರಿಸಿದ್ದರು. ಗಂಗಾಧರಪ್ಪನವರು ಮಾತಿನಲ್ಲಿ ಮುಚ್ಚುಮರೆ ಇಲ್ಲದ ಮನುಷ್ಯ. "ಏಪ್ರಿಲ್ ಸಭೆಯಾಗೆ ನಿಮ್ಮ ವಿಷಯ ಬರತೈತ್ರೀ, ಸದಾಶಿವಪ್ಪ. ಏನಾದ್ರೂ ಒಂದು ಕೆಲಸ ಮಾಡಿ ತೋರಿಸಿದ್ರೆ ಸರಿ. ಇಲ್ಲಾಂದ್ರೆ ಶಾಲು ಹೊದಿಸ್ತಾರೆ."

ಶಾಲು ಹೊದಿಸುವುದೆಂದರೆ ಮನೆಗೆ ಕಳಿಸುವುದು ಎಂದು ಎಲ್ಲರಿಗೂ ಗೊತ್ತಿತ್ತು.

ಕೆಲಸ ಹುಡುಕಿದವಳು ಚೈತ್ರಶ್ರೀ. ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದುವ ಸಾಫ್ಟ್‌ವೇರೊಂದರ ಪುಕ್ಕಟೆ ಪ್ರತಿ ಅವಳ ಹತ್ತಿರ ಇತ್ತು. ನಲವತ್ತು ನಿಮಿಷ ಓದಿ ಅದು ಬಾಯಿ ಮುಚ್ಚುತ್ತಿತ್ತು. ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಮತ್ತೆ ನಲವತ್ತು ನಿಮಿಷ. ಅಡ್ಮಿಷನ್ ಕೇಳಿ ಬರುವ ಇ-ಮೇಲುಗಳನ್ನು ಕೇಳಿಸಿಕೊಂಡು, ಪುಟ ತೆರೆದು ನೋಡಿ ಉತ್ತರ ಟೈಪಿಸಿದರಾಯಿತು. ಕೀಲಿಮಣೆ ನೋಡದೆ ಟೈಪಿಸುವುದನ್ನು ಸದಾಶಿವಪ್ಪ ಕಣ್ಣಿದ್ದಾಗಲೇ ಕಲಿತಿದ್ದ.

ಮೊದಲ ದಿನ ಯಂತ್ರ ಅಮೆರಿಕದ ಗಂಡಸಿನ ಗಂಟಲಲ್ಲಿ "ಇಮೇಜ್ ಜೀರೋ ಸಿಕ್ಸ್, ಇಮೇಜ್ ಜೀರೋ ಸೆವೆನ್" ಎಂದಿತು.

"ಇದೇನವ್ವ, ಮಗ್ಗಿ ಒಪ್ಪಿಸ್ತಾ ಐತೆ?"

"ಚಿತ್ರ ಅದಕ್ಕೂ ಕಾಣಲ್ಲ ಸಾರ್. ಒಂದೊಂದರ ಬೆನ್ನಿಗೂ ಒಂದೊಂದು ಚೀಟಿ ಅಂಟಿಸಬೇಕು. ಅದು ಚೀಟಿ ಓದ್ತದೆ."

ಅವಳು ಉತ್ಸಾಹದಿಂದ 'ಕೆಂಪು ಹಂಚಿನ ಹಳದಿ ಮನೆ', 'ನೀಲಿ ಹೊದಿಕೆಯ ಮಂಚ' ಎಂದೆಲ್ಲ ಚೀಟಿ ಬರೆದಳು. ಸದಾಶಿವಪ್ಪ ಹನ್ನೊಂದನ್ನೂ ಕೇಳಿ, "ಚೆನ್ನಾಗೈತೆ. ಆದ್ರೆ ನನಗೆ ಹಂಚಿನ ಬಣ್ಣ ಯಾಕವ್ವ? ಆ ಬಾಗಿಲು ತೆಗೆದ್ರೆ ಎಲ್ಲಿಗೆ ಹೋಗ್ತೀನಿ, ಅಷ್ಟು ಹೇಳು" ಎಂದ. ಅವಳು ಎಲ್ಲ ಅಳಿಸಿ 'ಹೋಮ್', 'ಟೈಮ್ ಟೇಬಲ್', 'ಹಾಸ್ಟೆಲ್', 'ಲೆಟರ್' ಎಂದು ಬರೆದಳು. ಹದಿನೈದು ದಿನದಲ್ಲಿ ಅವನು ಟ್ಯಾಬ್ ಕೀಲಿ ಒತ್ತುತ್ತ ಒಂದೊಂದೇ ಚಿತ್ರ ದಾಟಿ, ಹಾಸ್ಟೆಲ್ ಪುಟ ತೆಗೆದು, ಸೀಟೆಷ್ಟು, ಊಟಕ್ಕೇನು ಎಂದು ಹೇಳತೊಡಗಿದ. ಮೊದಲ ಸಲ ಹಾಗೆ ಹೇಳಿದ ದಿನದ ಸಂಜೆ ಬಸ್ಸಿನಲ್ಲಿ ಗುತ್ಯಪ್ಪನನ್ನು ಗಂಟೆಯೆಷ್ಟು ಎಂದು ಕೇಳಿದನಂತೆ. ಗಂಟೆ ತಿಳಿದು ಇವರಿಗೇನಾಗಬೇಕು ಎಂದು ಗುತ್ಯಪ್ಪನಿಗೆ ಆಶ್ಚರ್ಯವಾಯಿತು.

ಇಷ್ಟರಲ್ಲಿ ದಾನಿಗಳ ಪ್ರಶ್ನೆ ಎದ್ದಿತು.

ಆ ಸಂಸ್ಥೆಯಲ್ಲಿ ಹೆಸರಿಲ್ಲದ ವಸ್ತು ಇರಲಿಲ್ಲ. ಫ್ಯಾನಿನ ಮೂರು ರೆಕ್ಕೆಗೂ ಮೂರು ತಲೆಮಾರಿನ ಹೆಸರು. ತಿರುಗುವಾಗ ಎಲ್ಲರೂ ಒಂದೇ. ಟ್ಯೂಬ್‌ಲೈಟಿನ ಮೇಲೆ ದಾನಿ, ಅವರ ತಂದೆ ಮತ್ತು ಊರನ್ನು ಕೆಂಪು ಬಣ್ಣದಲ್ಲಿ ಎಷ್ಟು ಗಟ್ಟಿಯಾಗಿ ಬರೆಸಿದ್ದರೆಂದರೆ, ಉಳಿದ ಜಾಗದಲ್ಲಿ ಒಂದಿಷ್ಟು ಬೆಳಕೂ ಬರುತ್ತಿತ್ತು. ಈಗ ಕಂಪ್ಯೂಟರು, ಮೋಡೆಮ್ಮು, ಮೇಜು, ಪರದೆಯ ಧೂಳಿನ ಗವುಸು ಎಲ್ಲ ಸೇರಿ ಹನ್ನೊಂದು ಮನೆಯವರು ಕೊಟ್ಟದ್ದು. ಕಂಪ್ಯೂಟರಿನ ಮೇಲೆ ಪೇಂಟು ಬಳಿಯಲು ಚೈತ್ರಶ್ರೀ ಬಿಡಲಿಲ್ಲ. ಹೆಸರು ಎಲ್ಲಿ ಹಾಕುವುದು?

ಗಂಗಾಧರಪ್ಪನವರು ವೆಬ್‌ಸೈಟು ನೋಡಲು ಕೂತಿದ್ದಾಗ ಅವರ ಕೈಯ ಮೌಸು ಮಂಚದ ಮೇಲೆ ನಿಂತಿತು. ಸಣ್ಣ ಹಳದಿ ಪಟ್ಟಿಯೊಂದು ಮೂಡಿ 'ಹಾಸ್ಟೆಲ್' ಎಂದಿತು.

"ಏನಮ್ಮಾ ಇದು?"

"ಕಣ್ಣು ಕಾಣ್ದೋರಿಗೆ ಬರೆದಿದ್ದು ಸಾರ್."

"ಕಣ್ಣಿದ್ದೋರಿಗೂ ಕಾಣ್ತೈತಲ್ಲ! ಎಷ್ಟುದ್ದ ಹಿಡಿಸ್ತೈತೆ?"

"ಎಷ್ಟಾದರೂ ಹಿಡಿಸ್ತದೆ" ಎಂದಳು ಚೈತ್ರಶ್ರೀ. ವಯಸ್ಸು ಇಪ್ಪತ್ತಮೂರು, ಕೇಳಿದ್ದಕ್ಕೆಲ್ಲ ನಿಜ ಹೇಳುವ ಕಾಲ.

ಹನ್ನೊಂದು ಚಿತ್ರ, ಹನ್ನೊಂದು ಮನೆ. ದೇವರೇ ಎಣಿಸಿಟ್ಟಂತಿತ್ತು. ಮರುದಿನ ಮನೆಯ ಚಿತ್ರ ಉಚ್ಚಂಗಮ್ಮನವರ ಮಕ್ಕಳಿಗೆ, ಲಕೋಟೆ ರೈಸ್‌ಮಿಲ್ ಹನುಮಂತಪ್ಪನವರಿಗೆ, ಮಂಚ ಸೆಕ್ರೆಟರಿಗಳ ತಾಯಿ ಲಿಂಗೈಕ್ಯ ಲೋಕಮ್ಮನವರ ಸ್ಮರಣಾರ್ಥ ಎಂದು ಹಂಚಿಕೆಯಾಯಿತು. ಚೈತ್ರಶ್ರೀ ಗೋಗರೆದಳು: "ಮೊದ್ಲು ಹಾಸ್ಟೆಲ್ ಅಂತ ಬರೆದು ಆಮೇಲೆ ಅಮ್ಮಾರ ಹೆಸರು ಹಾಕ್ತೀನಿ ಸಾರ್."

"ನಮ್ಮವ್ವನ ಹೆಸರಿಗಿಂತ ಮುಂದೆ ಯಾವ್ದೂ ಬರಂಗಿಲ್ಲ. ಮಂಚ ಐತಲ್ಲ, ನೋಡಿದ್ರೆ ಹಾಸ್ಟೆಲ್ಲು ಅಂತ ಯಾರಿಗಾದ್ರೂ ತಿಳೀತೈತೆ."

"ಸದಾಶಿವಪ್ಪೋರಿಗೆ ತಿಳಿಯಲ್ಲ ಸಾರ್."

"ಅವ್ರಿಗೆ ಗೊತ್ತಿಲ್ದಿರೋ ದಾನಿ ಯಾರದಾರಮ್ಮ? ಇಪ್ಪತ್ತು ವರ್ಷ ರಸೀದಿ ಟೈಪ್ ಮಾಡಿದ್ದೇ ಅವ್ರು."

ಅದು ನಿಜವೇ ಆಗಿತ್ತು. ಚೈತ್ರಶ್ರೀ ಬಾಗಿಲ ಪಕ್ಕದ ಕುರ್ಚಿಗೆ ಬಂದು, "ನೀವಾದ್ರೂ ಒಂದು ಮಾತು ಹೇಳಿ ಸಾರ್" ಎಂದಳು.

"ಹಾಸ್ಟೆಲ್ಲು ಎಷ್ಟನೇದು?"

"ಎಂಟನೇದು."

"ಸಾಕು ಬಿಡವ್ವ."

ಒಂದು ವಾರ ಅವನು ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಹನ್ನೊಂದು ಹೆಸರುಗಳನ್ನು ಬೆರಳೆಣಿಸುತ್ತ ಗೊಣಗಿದ. ಅಕ್ಕನಾಗಮ್ಮ ಎರಡು ದಿನ ಸಹಿಸಿಕೊಂಡು ಮೂರನೆಯ ದಿನ ಬಾಯಿ ಬಿಟ್ಟಳು. "ಅಲ್ರೀ, ಬೆಳಗಾಗೆದ್ದು ಸತ್ತೋರ ಹೆಸರೇ ಹೇಳ್ತೀರಲ್ಲ. ಒಂದು ಜೀವ ಇರಾದು ಯಾವ್ದಾದ್ರೂ ಐತಾ ಅದ್ರಾಗೆ?"

"ಮೂರು ಜನ ಅದಾರೆ."

"ಪುಣ್ಯ" ಎಂದಳು.

ಏಪ್ರಿಲ್ ಸಭೆಗೆ ಐವರು ಬಂದು ಕಂಪ್ಯೂಟರಿನ ಸುತ್ತ ನಿಂತರು. ಅಧ್ಯಕ್ಷರು, "ಹಾಸ್ಟೆಲ್ಲಿನಾಗೆ ಎಷ್ಟು ಸೀಟು ಐತೆ ನೋಡ್ರಿ" ಎಂದರು. ಸದಾಶಿವಪ್ಪ ಯಂತ್ರದ ಮಾತಿಗೆ ಕಿವಿ ಕೊಡಲೇ ಇಲ್ಲ. ಬೆರಳಿನಲ್ಲಿ ಎಂಟು ಎಣಿಸಿದ. ಎಂಟನೆಯದಕ್ಕೆ ಅಮೆರಿಕದವನು "ಲೇಟ್ ಎಸ್ ಎಂ ಟಿ ಲೋಕಮ್ಮಾ" ಎಂದು ಆರಂಭಿಸಿ, ಮಕ್ಕಳು, ಮೊಮ್ಮಕ್ಕಳು ಮತ್ತು ಬಂಧುವರ್ಗದವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಗಂಗಾಧರಪ್ಪನವರು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಸದಾಶಿವಪ್ಪ ಎಂಟರ್ ಒತ್ತಿ, ಒಳಗಿನ ಪುಟ ಕೇಳಿ ಹೇಳಿದ: "ನಲವತ್ತೆರಡು ಸೀಟು. ಖಾಲಿ ಆರು."

ಚಪ್ಪಾಳೆ ಬಿತ್ತು. ಅಧ್ಯಕ್ಷರು ತೂಕದ ಮನುಷ್ಯ. ಹೊರಡುವ ಮುಂಚೆ ಕೇಳಿದರು: "ಈ ಹೆಸರು ಹಾಕಿರೋದ್ರಿಂದ ನಿಮಗೇನಾದ್ರೂ ತೊಂದರೆ ಐತೇನು, ಸದಾಶಿವಪ್ಪ?"

ಹಿಂದೆ ನಿಂತಿದ್ದ ಚೈತ್ರಶ್ರೀಯ ಬಳೆ ಸದ್ದು ನಿಂತಿತು.

"ಏನಿಲ್ಲ ಸಾರ್. ಅನುಕೂಲ ಆಗೈತೆ."

ನಡಾವಳಿ ಪುಸ್ತಕದಲ್ಲಿ 'ಅಂಧರಿಗೆ ಅನುಕೂಲಕರವಾಗಿರುತ್ತದೆ' ಎಂದು ದಾಖಲಾಯಿತು. ಅದನ್ನೇ ಇಂಗ್ಲಿಷಿನಲ್ಲಿ ಪುಟದ ಬುಡಕ್ಕೂ, ಇ-ಮೇಲ್ ವಿಳಾಸದ ಪಕ್ಕ ಹಾಕಿಸಿದರು. ಕುರ್ಚಿ ಬಾಗಿಲ ಪಕ್ಕದಿಂದ ಕಂಪ್ಯೂಟರಿನ ಮುಂದಕ್ಕೆ ಬಂತು. ಆ ಸಂಜೆ ಸದಾಶಿವಪ್ಪ ತನಗೆ ನಾಚಿಕೆಯಾಗಿದೆಯೇ ಎಂದು ನೋಡಿಕೊಂಡ. ಆಗಿರಲಿಲ್ಲ. ಸಂತೋಷ? ಅದೂ ಇರಲಿಲ್ಲ.

ಮೇ ಕಳೆದು ಜೂನ್ ಮೊದಲ ವಾರ ಒಂದು ಪತ್ರ ಬಂತು. ಬರೆದವಳು ಶ್ರೀಲತಾ, ಊರು ಸೊರಬ ತಾಲ್ಲೂಕಿನ ಕುಬಟೂರು, ಹುಟ್ಟುಗುರುಡಿ. ಮೈಸೂರಿನಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಳು, ಬಿ.ಎ.ಗೆ ಊರ ಹತ್ತಿರ ಬರುವ ಆಸೆಯಿತ್ತು. ಯಂತ್ರ ಅವಳ ಇಂಗ್ಲಿಷನ್ನು ಏರಿಳಿತವಿಲ್ಲದೆ ಓದಿತು.

'ನಿಮ್ಮ ಪುಟ ಅಂಧರಿಗೆ ಅನುಕೂಲ ಎಂದು ಬರೆದುಕೊಂಡಿದ್ದೀರಿ. ಮೂರು ಸಲ ಕೇಳಿದೆ. ಹನ್ನೊಂದು ಜನರ ಹೆಸರು ಬಂತು, ಎಂಟು ಜನ ತೀರಿಕೊಂಡವರು. ಹೆಸರಿನ ಹಿಂದೆ ಏನಿದೆ ಎಂದು ತಿಳಿಯದೆ ಒತ್ತಲು ಭಯವಾಯಿತು. ನಿಮ್ಮಲ್ಲಿ ಹಾಸ್ಟೆಲ್ ಇದೆಯೇ? ಯಾರನ್ನು ಕೇಳಬೇಕು? ದಯವಿಟ್ಟು ಬದುಕಿರುವವರೊಬ್ಬರ ಹೆಸರು ತಿಳಿಸಿ.'

ಸದಾಶಿವಪ್ಪ ಉತ್ತರ ಟೈಪಿಸಿದ: ಟ್ಯಾಬ್ ಕೀಲಿಯನ್ನು ಎಂಟು ಸಲ ಒತ್ತುವುದು. ಬರೆದು, ಯಂತ್ರದಿಂದ ಓದಿಸಿ ಕೇಳಿದ. ಸರಿಯಾಗಿಯೇ ಇತ್ತು. ಆದರೆ ಈ ಹುಡುಗಿ ಇಪ್ಪತ್ತೊಂದು ವರ್ಷ ರಸೀದಿ ಟೈಪಿಸಿದವಳಲ್ಲ. ಶುಲ್ಕಕ್ಕೆ ಎಷ್ಟನೆಯದು, ವೇಳಾಪಟ್ಟಿಗೆ ಎಷ್ಟನೆಯದು ಎಂದು ಮತ್ತೆ ಕೇಳುತ್ತಾಳೆ. ಅವಳಾದ ಮೇಲೆ ಇನ್ನೊಬ್ಬಳು. ಎಲ್ಲರಿಗೂ ಅವನು ಸತ್ತವರನ್ನು ಎಣಿಸಿ ಕೊಡುತ್ತ ಕೂರಬೇಕು. ಟೈಪಿಸಿದ್ದನ್ನು ಅಳಿಸಿದ.

"ಚೈತ್ರಶ್ರೀ, ಬಾ ಇಲ್ಲಿ. ಚೀಟಿಯಾಗೆ ಮೊದ್ಲು ಬಾಗಿಲಿನ ಹೆಸರು ಹಾಕು. ದಾನಿ ಆಮೇಲೆ. ಹನ್ನೊಂದಕ್ಕೂ."

"ಸೆಕ್ರೆಟರಿಗಳು ಬೇಡ ಅಂದಿದ್ರಲ್ಲ ಸಾರ್."

"ಅಂದಿದ್ರು."

"ಯಾರು ಹೇಳಿದ್ದು ಅಂತ ಕೇಳಿದ್ರೆ?"

"ನಾನೇ ಅನ್ನು. ಅನುಕೂಲ ಐತೆ ಅಂತ ಸಭೆಯಾಗೆ ಸುಳ್ಳು ಹೇಳಿದೋನೂ ನಾನೇ ಅಲ್ಲೇನು."

ಅವಳು ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡಳು. ಹನ್ನೊಂದು ಮಾತು ಟೈಪಿಸಲು ಎಷ್ಟು ಹೊತ್ತು ಬೇಕು. ಅದನ್ನು ಇಂಟರ್ನೆಟ್ಟಿಗೆ ಏರಿಸಲು ಮೋಡೆಮ್ಮಿಗೆ ಶಿವಮೊಗ್ಗದ ನಂಬರು ಸಿಗಲು ಅದಕ್ಕಿಂತ ಹೆಚ್ಚು ಹೊತ್ತಾಯಿತು. ಅಷ್ಟರಲ್ಲಿ ಸದಾಶಿವಪ್ಪ ಹೊಸ ಉತ್ತರ ಬರೆದ. ಹಾಸ್ಟೆಲ್ ಇದೆ, ಆರು ಸೀಟು ಖಾಲಿ, ಪುಟವನ್ನು ಇನ್ನೊಮ್ಮೆ ಕೇಳಿ ನೋಡುವುದು. ಬದುಕಿರುವವರ ಹೆಸರು ಎಂಬಲ್ಲಿ ಬೆರಳು ಸ್ವಲ್ಪ ನಿಂತಿತು. ಬೇರೆ ಯಾರೂ ಸಿಗಲಿಲ್ಲವಾಗಿ, ಸದಾಶಿವಪ್ಪ, ಟೈಪಿಸ್ಟ್ ಎಂದು ಹೊಡೆದ.

ಮರುದಿನ ಹನ್ನೊಂದು ಗಂಟೆಯ ಸುಮಾರಿಗೆ ಗಂಗಾಧರಪ್ಪನವರ ಚಪ್ಪಲಿ ಸದ್ದು ಬಂದು ಅವನ ಪಕ್ಕದಲ್ಲೇ ನಿಂತಿತು. "ಸ್ವಲ್ಪ ಸರೀರಿ, ನಮ್ಮ ಬೀಗರಿಗೆ ಅವ್ವನ ಹೆಸರು ತೋರಿಸ್ಬೇಕು" ಎಂದರು. ಸದಾಶಿವಪ್ಪ ಕುರ್ಚಿ ಸರಿಸಿದ. ಮೌಸು ಮೇಜಿನ ಮೇಲೆ ಉಜ್ಜುತ್ತ ಹೋಗಿ ಒಂದು ಕಡೆ ನಿಂತಿತು. 'ಹಾಸ್ಟೆಲ್, ಲೇಟ್ ಶ್ರೀಮತಿ ಲೋಕಮ್ಮ' ಎಂದು ಬೀಗರು ಗಟ್ಟಿಯಾಗಿ ಓದಿದರು. ಫ್ಯಾನು ತನ್ನ ಮೂರು ತಲೆಮಾರನ್ನು ತಿರುಗಿಸುತ್ತಿತ್ತು. ಅವನೊಳಗೆ ಎರಡು ವರ್ಷದಿಂದ ಬಾರದ ಏನೋ ಒಂದು ಬಂತು. ಏನೆಂದು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಹೆದರಿಕೆ. ದವಡೆಗೆ ಜೀವ ಬರುವಾಗ ಮೊದಲು ಬರುವುದು ನೋವೇ ಎಂದು ಹಲ್ಲಿನ ಡಾಕ್ಟರು ಹೇಳಿದ್ದು ನೆನಪಾಯಿತು.

"ಸದಾಶಿವಪ್ಪ" ಎಂದರು ಸೆಕ್ರೆಟರಿ.

"ಹೌದ್ರೀ, ನಾನೇ" ಎಂದ.