ಎರಡನೇ ವೈರ್

ಯುದ್ಧವಿಮಾನಗಳನ್ನು ಹಡಗಿನ ಮೇಲೆ ಹಿಡಿದು ನಿಲ್ಲಿಸುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿದ್ದರೂ, ಅನಿಲ್‌ಕುಮಾರ್ ಒಂದೇ ಒಂದು ವಿಮಾನ ಇಳಿಯುವುದನ್ನೂ ಕಣ್ಣಾರೆ ಕಂಡವನಲ್ಲ. ಅವನ ಜಾಗ ಡೆಕ್ಕಿನ ಕೆಳಗೆ, ಕಿಟಕಿಯಿಲ್ಲದ ಉದ್ದನೆಯ ಕೋಣೆಯಲ್ಲಿ. ಮೇಲೆ ಡೆಕ್ಕಿಗೆ ಅಡ್ಡಲಾಗಿ ಮೂರು ಉಕ್ಕಿನ ವೈರುಗಳನ್ನು ಬಿಗಿದಿರುತ್ತಾರೆ. ಇಳಿಯುವ ಜೆಟ್ಟಿನ ಬಾಲದ ಕೊಕ್ಕೆ ಅವುಗಳಲ್ಲಿ ಒಂದಕ್ಕೆ ಸಿಕ್ಕಿಕೊಳ್ಳಬೇಕು. ಪ್ರತಿ ವೈರಿನ ಎರಡೂ ತುದಿ ಕೆಳಗಿನ ಕೋಣೆಗೆ ಇಳಿದು, ಲಾರಿಯಷ್ಟು ಉದ್ದದ ಒಂದು ಮಷೀನಿಗೆ ಸುತ್ತಿಕೊಂಡಿರುತ್ತವೆ. ಜೆಟ್ ವೈರನ್ನು ಎಳೆದರೆ ಮಷೀನಿನ ಪಿಸ್ಟನ್ನು ಎಣ್ಣೆಯನ್ನು ಒತ್ತುತ್ತಾ ಸರಿಯುತ್ತದೆ, ನೂರು ಮೀಟರ್ ಒಳಗೇ ಜೆಟ್ ನಿಲ್ಲುತ್ತದೆ. ಅನಿಲನಿಗೆ ವಿಮಾನ ಇಳಿಯಿತೆಂದರೆ ಇಷ್ಟೇ: ತಲೆಯ ಮೇಲೆ ಧಡ್ ಎಂಬ ಸದ್ದು, ಕಣ್ಣೆದುರು ಸರಿಯುವ ಪಿಸ್ಟನ್ನು, ಆಮೇಲೆ ನಿಶ್ಶಬ್ದ.

ಅವನ ತಂದೆ ಚಂದ್ರಮೌಳಿ ದಾವಣಗೆರೆಯವರು. ಬ್ಯಾಂಕ್ ಗುಮಾಸ್ತರಾಗಿ ವಿಜಯವಾಡಕ್ಕೆ ವರ್ಗವಾಗಿ ಬಂದು, ಪಟಮಟ ಬಡಾವಣೆಯಲ್ಲಿ ತಾವು ಬಾಡಿಗೆಗಿದ್ದ ಮನೆಯವರ ಮಗಳು ದುರ್ಗಾಂಬಳನ್ನೇ ಮದುವೆಯಾಗಿ ಅಲ್ಲೇ ನೆಲೆ ನಿಂತರು. ಮನೆಯಲ್ಲಿ ಕನ್ನಡವಿತ್ತು, ಆದರೆ ಅನಿಲನ ನಾಲಿಗೆ ತೆಲುಗಿಗೇ ಹೊರಳಿತ್ತು. ಅಪ್ಪನನ್ನು ಕರೆಯುವುದೂ ‘ನಾನ್ನಾ’ ಅಂತಲೇ. ಈಗ ಅವನೂ ಹೆಂಡತಿ ಶ್ರಾವಣಿಯೂ ವಿಶಾಖಪಟ್ಟಣದ ಗಾಜುವಾಕದಲ್ಲಿದ್ದರು.

ಆಗಸ್ಟಿನ ಒಂದು ಮಧ್ಯಾಹ್ನ ಹಡಗು ವಿಶಾಖಪಟ್ಟಣದಿಂದ ಸಾಕಷ್ಟು ದೂರ ಸಮುದ್ರದಲ್ಲಿತ್ತು. ನಾಲ್ಕು ಜೆಟ್‌ಗಳು ಹಾರಿದ್ದವು, ಮೂರು ಇಳಿದಾಗಿತ್ತು. ಮೂರನೆಯದು ಎರಡನೇ ವೈರ್ ಹಿಡಿದು ನಿಂತ ಮೇಲೆ, ಪಿಸ್ಟನ್ನು ತನ್ನ ಜಾಗಕ್ಕೆ ಮರಳುವಾಗ ಅನಿಲನ ಕಿವಿಗೆ ಎಂದೂ ಕೇಳದ ಒಂದು ಸದ್ದು ಬಿತ್ತು. ಒದ್ದೆ ಬಟ್ಟೆ ಹಿಂಡಿದಂಥ ಸದ್ದು. ಬಗ್ಗಿ ನೋಡಿದ. ಪಿಸ್ಟನ್ನಿನ ಮೈಮೇಲೆ ಎಣ್ಣೆಯ ತೆಳ್ಳನೆಯ ಪದರ. ಬೆರಳಲ್ಲಿ ಒರೆಸಿದ, ಮತ್ತೆ ಬಂತು.

“ವಿನಾಯಕ, ಪ್ರೆಶರ್ ಎಷ್ಟಿದೆ?”

ಕುಮಟಾದ ವಿನಾಯಕ ಅವನ ಕೈಕೆಳಗಿನವ. ಗೇಜ್ ನೋಡಿ, “ಸರಿಯಾಗೇ ಉಂಟು ಚೀಫ್. ಮುಳ್ಳು ಹಸಿರಲ್ಲೇ ಉಂಟು,” ಎಂದ.

ಅನಿಲ್ ಫೋನೆತ್ತಿದ. “ಎರಡನೇ ವೈರ್ ಬೇಡ ಸರ್. ತೆಗೆಸಿಬಿಡಿ.”

ಆ ತುದಿಯಲ್ಲಿದ್ದದ್ದು, ಮೇಲೆ ವಿಮಾನಗಳನ್ನು ಇಳಿಸುವ ಹೊಣೆ ಹೊತ್ತ ಕಮಾಂಡರ್ ಧನಂಜಯ. ಅವರು ನಿಧಾನವಾಗಿ ಹೇಳಿದರು: “ಅನಿಲ್, ಆಕಾಶದಲ್ಲಿರೋನು ಆದಿತ್ಯ. ಇನ್ನೂ ಹೊಸಬ. ವೈಜಾಗ್ ರನ್‌ವೇ ಮೇಲೆ ಮಳೆ ಕವಿದಿದೆ, ಅಲ್ಲಿಗೆ ಕಳಿಸೋ ಹಾಗಿಲ್ಲ. ಎರಡು ಸಲ ಪ್ರಯತ್ನಿಸೋಕಾಗುವಷ್ಟು ಇಂಧನ ಇದೆ, ಅಷ್ಟೇ. ಎಲ್ಲರೂ ಗುರಿ ಇಡೋದು ಎರಡನೇ ವೈರಿಗೆ. ಗೇಜ್ ಏನು ಹೇಳ್ತಿದೆ?”

“ಸರಿಯಿದೆ ಅಂತಿದೆ ಸರ್.”

“ಹಾಗಾದ್ರೆ ಇನ್ನೊಂದೇ ಒಂದು ಸಲ ತಡೆಯುತ್ತಾ?”

ಅನಿಲ್ ಬೆರಳಿಗಂಟಿದ ಎಣ್ಣೆಯನ್ನೇ ನೋಡಿದ. ಅರ್ಧ ದಾರಿಯಲ್ಲಿ ವೈರ್ ಕೈಕೊಟ್ಟರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಜೆಟ್ಟಿನ ವೇಗ ಮತ್ತೆ ಹಾರಲಾರದಷ್ಟು ತಗ್ಗಿರುತ್ತದೆ, ನಿಲ್ಲುವಷ್ಟು ತಗ್ಗಿರುವುದಿಲ್ಲ. ಮುಂದಿರುವುದು ಸಮುದ್ರವೇ.

“ತಡೆಯಲ್ಲ ಸರ್.”

“ಖಚಿತವಾ?”

“ಖಚಿತ ಅಂತ ಹೇಳೋಕಾಗಲ್ಲ ಸರ್. ಆದ್ರೆ ನಾನು ತಡೆಯುತ್ತೆ ಅಂತ ಹೇಳಲ್ಲ.”

ಫೋನು ಇಟ್ಟ ಸದ್ದಾಯಿತು. ಎರಡು ನಿಮಿಷದಲ್ಲಿ ಮೇಲೆ ಬೂಟುಗಳು ಓಡಾಡಿದವು, ವೈರನ್ನು ಕಳಚಿ ಎಳೆದದ್ದು ಕೇಳಿಸಿತು. ಆದಿತ್ಯನಿಗೆ ಉಳಿದದ್ದು ಒಂದನೆಯದು ಮತ್ತು ಮೂರನೆಯದು, ಎರಡೇ ವೈರು.

ಸ್ಪೀಕರಿನಲ್ಲಿ ವಿಮಾನ ಬರುತ್ತಿದೆಯೆಂಬ ಕೂಗು ಬಂತು. ಧಡ್! ಛಾವಣಿ ನಡುಗಿತು. ಅನಿಲ್ ಒಂದನೇ ಪಿಸ್ಟನ್ ನೋಡಿದ, ಮೂರನೆಯದನ್ನು ನೋಡಿದ. ಯಾವುದೂ ಅಲುಗಲಿಲ್ಲ. ಎಂಜಿನ್ನಿನ ಅಬ್ಬರ ಡೆಕ್ಕಿನ ಉದ್ದಕ್ಕೂ ಹಾದು ದೂರವಾಯಿತು. ಕೊಕ್ಕೆ ಸಿಗದಿದ್ದರೆ ಹಾರಿಹೋಗಲೆಂದೇ ಪೈಲಟ್‌ಗಳು ಡೆಕ್ ಮುಟ್ಟಿದ ಕೂಡಲೇ ಎಂಜಿನ್ನಿಗೆ ಪೂರ್ತಿ ಬಲ ಕೊಡುತ್ತಾರೆ. ಆದಿತ್ಯ ಮತ್ತೆ ಮೇಲೇರಿದ್ದ.

“ಚೀಫ್...” ಎಂದು ವಿನಾಯಕ ಛಾವಣಿಯತ್ತ ಬೆರಳು ತೋರಿಸಿದ.

ಕೊಕ್ಕೆ ಬಡಿದದ್ದು ಎರಡನೇ ವೈರಿನ ಜಾಗದಲ್ಲೇ, ಅಲ್ಲಿಂದ ಪುಟಿದು ಅದು ಮೂರನೆಯದನ್ನು ದಾಟಿಹೋಗಿದೆ ಎಂದು ಸದ್ದಿನಿಂದಲೇ ಇಬ್ಬರಿಗೂ ತಿಳಿದಿತ್ತು. ಎರಡನೇ ವೈರ್ ಅಲ್ಲಿದ್ದಿದ್ದರೆ ಆ ಹುಡುಗ ಈಗ ಡೆಕ್ಕಿನ ಮೇಲಿರುತ್ತಿದ್ದ. ಒಂದು ಎಣ್ಣೆಯ ಪದರಕ್ಕೆ ಹೆದರಿ ನಾನೊಬ್ಬನ ಪ್ರಾಣದ ಜೊತೆ ಆಡಿಬಿಟ್ಟೆನಾ? ಜೆಟ್ ಸುತ್ತಿ ಬರಲು ಐದಾರು ನಿಮಿಷ ಬೇಕು. ಅಷ್ಟು ಹೊತ್ತು ಅವನು ಮೂರನೇ ಮಷೀನಿನ ಮೇಲೆ ಕೈಯಿಟ್ಟು ನಿಂತ. ನಟ್ಟು, ವಾಲ್ವು, ಪ್ರೆಶರ್ ಎಲ್ಲವನ್ನೂ ಮತ್ತೆ ಮತ್ತೆ ನೋಡಿದ. ಬಾಯಲ್ಲಿ ವಿಜಯವಾಡದ ಬೆಟ್ಟದ ಮೇಲಿನ ಕನಕದುರ್ಗೆಯ ಹೆಸರು ತಾನಾಗಿ ಬರುತ್ತಿತ್ತು.

ಮತ್ತೆ ಕೂಗು. ವಿನಾಯಕ ಕಣ್ಣು ಮುಚ್ಚಿಕೊಂಡ.

ಧಡ್!

ಮೂರನೇ ಪಿಸ್ಟನ್ನು ಬುಸುಗುಟ್ಟುತ್ತಾ ಓಡಿತು. ಓಡಿತು, ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ವೈರುಗಳು ಒಮ್ಮೆ ನರಳಿ ಸುಮ್ಮನಾದವು. ಮೇಲೆ ಎಂಜಿನ್ನಿನ ಅಬ್ಬರ ತಗ್ಗುತ್ತಾ ತಗ್ಗುತ್ತಾ ಆರಿಹೋಯಿತು.

“ಸಿಕ್ತು ಚೀಫ್! ಸಿಕ್ತು!” ವಿನಾಯಕ ಕುಣಿದೇಬಿಟ್ಟ. ಅನಿಲ್ ಅಲ್ಲೇ ನೆಲದ ಮೇಲೆ ಕುಳಿತ.

ಆದರೂ ಪೂರ್ತಿ ಸಮಾಧಾನವಾಗಲಿಲ್ಲ. ಸಂಜೆ ಎರಡನೇ ಮಷೀನನ್ನು ಬಿಚ್ಚುವವರೆಗೂ ಅವನು ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಧನಂಜಯರೇ ಕೆಳಗಿಳಿದು ಬಂದು ನಿಂತಿದ್ದರು. ಎಣ್ಣೆ ಸೋರದಂತೆ ಪಿಸ್ಟನ್ನಿನ ಸುತ್ತ ಬಿಗಿದಿರುವ ಒಳಗಿನ ಸೀಲ್ ಹೊರಬಂತು. ಮುಕ್ಕಾಲು ಸುತ್ತು ಹರಿದಿತ್ತು. ಉಳಿದ ಭಾಗವನ್ನು ವಿನಾಯಕ ಎರಡು ಬೆರಳಲ್ಲಿ ಎಳೆದರೆ ಕಿತ್ತು ಬಂತು.

ಧನಂಜಯ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. “ನಾನು ಇನ್ನೊಂದು ಸಲ ಕೇಳಿದ್ದಿದ್ರೆ ಒಪ್ಕೊಂಡುಬಿಡ್ತಿದ್ಯಾ ಅನಿಲ್?”

“ಗೊತ್ತಿಲ್ಲ ಸರ್. ನೀವು ಕೇಳದೇ ಇದ್ದದ್ದು ಒಳ್ಳೇದಾಯ್ತು.”

ಅವರು ನಕ್ಕು ಅವನ ಭುಜ ತಟ್ಟಿದರು. ಅವರ ಹಿಂದೆ, ಇನ್ನೂ ಹಾರಾಟದ ಬಟ್ಟೆಯಲ್ಲೇ ಇದ್ದ ಒಬ್ಬ ಯುವಕ ಮೆಟ್ಟಿಲಿಳಿದು ಬಂದ. ಆದಿತ್ಯ. ಅವನು ಈ ಕೋಣೆಯನ್ನು ಎಂದೂ ನೋಡಿರಲಿಲ್ಲ. ಹರಿದ ಸೀಲನ್ನು ನೋಡಿದ, ಪಿಸ್ಟನ್ನುಗಳನ್ನು ನೋಡಿದ. ಅನಿಲನ ಎಣ್ಣೆ ಮೆತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಬಿಡುವಾಗ ಅವನ ಕೈಯೂ ಕಪ್ಪಾಗಿತ್ತು.

ಹಡಗು ದಡ ಸೇರಿದ ವಾರದಲ್ಲೇ ಅನಿಲನಿಗೆ ರಜೆ ಸಿಕ್ಕಿತು. ಶ್ರಾವಣಿಯೊಂದಿಗೆ ರತ್ನಾಚಲ್ ರೈಲು ಹತ್ತಿ ಸಂಜೆಗೆ ವಿಜಯವಾಡದಲ್ಲಿಳಿದ. ಊಟಕ್ಕೆ ಕುಳಿತಾಗ ಎಲ್ಲವನ್ನೂ ಹೇಳಿದ. ಕೊಕ್ಕೆ ಮೊದಲ ಸಲ ತಪ್ಪಿದ್ದನ್ನು ಹೇಳುವಾಗ ತುತ್ತನ್ನು ತಟ್ಟೆಗೇ ಇಳಿಸಿದ. “ಆ ಐದು ನಿಮಿಷ ನಾನು ಮನುಷ್ಯನಾಗಿರ್ಲಿಲ್ಲ ನಾನ್ನಾ.”

ಚಂದ್ರಮೌಳಿ ತಟ್ಟೆಯಿಂದ ಕೈ ತೆಗೆದರು. “ಬಿಡಪ್ಪ, ಆ ಹುಡುಗ ಕ್ಷೇಮವಾಗಿ ಇಳಿದ್ನಲ್ಲ. ನೀನೂ ಈಗ ಸ್ವಲ್ಪ ಇಳಿ,” ಎಂದರು.

ಗೊಂಗೂರ ಚಟ್ನಿ ಬಡಿಸುತ್ತಿದ್ದ ದುರ್ಗಾಂಬ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: “ಅಯ್ಯೋ ಪಾಪಂ! ಆ ಪೈಲಟ್ ಅಬ್ಬಾಯಿಗೆ ಮದ್ವೆ ಆಗಿದೆಯೇನೋ? ನಮ್ಮ ಅಣ್ಣನ ಮಗಳು ಚಿನ್ನಿಗೆ ಹುಡುಗನ್ನ ಹುಡುಕ್ತಿದಾರೆ ಕಣೋ.”

ಶ್ರಾವಣಿ ಕಿಸಕ್ಕೆಂದಳು. ಅಷ್ಟು ದಿನದಲ್ಲಿ ಮೊದಲ ಸಲ ಅನಿಲನಿಗೆ ನಗು ಬಂತು. ನಕ್ಕು ನಕ್ಕು ಅನ್ನ ನೆತ್ತಿಗೇರಿ, ಅಪ್ಪ ಬೆನ್ನು ತಟ್ಟಿ ನೀರು ಕುಡಿಸಬೇಕಾಯಿತು.