ಸೀರೆ ಹೊದ್ದ ಗಿಡಗಳು

ಕೆಂಚವ್ವನ ಕನಸಿನಲ್ಲಿ ಸ್ಟ್ರಾಬೆರಿ ಗಿಡಗಳು ಬಸುರಿಯರಂತೆ ಸಾಲಾಗಿ ಕೂತು ಚಳಿ ಚಳಿ ಎನ್ನುತ್ತಿದ್ದವು. ಕನಸು ಹೇಳಿದ್ದನ್ನು ಮಾಡದೆ ಬಿಡುವ ಹೆಂಗಸಲ್ಲ ಅವಳು. ಮರುದಿನದಿಂದ ಸಂಜೆಯಾದರೆ ಸಾಕು, ದುಮ್ಮವಾಡದ ಬಾವಿ ಹೊಲಕ್ಕೆ ಹೋಗಿ ತನ್ನ ಹಳೆಯ ಇಳಕಲ್ ಸೀರೆಗಳನ್ನು ಒಂದೊಂದಾಗಿ ಅವುಗಳಿಗೆ ಹೊದಿಸಿ ಬರತೊಡಗಿದಳು; ಹೊದಿಸಿದ್ದನ್ನು ಹಗಲಲ್ಲೂ ತೆಗೆಯುತ್ತಿರಲಿಲ್ಲ.

ಗಿಡ ತಂದವನು ಮಗ ಬಸವಣ್ಣೆಪ್ಪ. ಮಹಾಬಳೇಶ್ವರದ ತೋಟದಲ್ಲಿ ದುಡಿದು, ಎಂಬತ್ತಾರರ ಮಳೆಗಾಲ ಮುಗಿದ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ. ಅಲ್ಲಿ ಜೊತೆಗಿದ್ದ ಹೆಂಡತಿ ನೀಲಕ್ಕನಿಗೆ ಆ ಹಣ್ಣಿನ ರುಚಿ ಹತ್ತಿತ್ತು. ಈಗ ಬಸುರಿ, ಅದರದೇ ಬಯಕೆ. ಹಿಂದಿನ ಬಸಿರು ನಿಂತಿರಲಿಲ್ಲ. ಅದಕ್ಕೇ ಕೆಂಚವ್ವ ಈ ಸಲ ಸೊಸೆಯನ್ನೂ ಬಿಟ್ಟಿರಲಿಲ್ಲ. ಗಾಳಿ ತಾಗೀತು, ದೃಷ್ಟಿ ತಾಗೀತು ಎಂದು ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ ಕೂರಿಸಿದ್ದಳು. ಎಳ್ಳ ಅಮಾವಾಸ್ಯೆಯ ದಿನ, ಬಸುರಿ ಭೂಮಿತಾಯಿಗೆ ಬಯಕೆಯ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲುವಾಗ ಮೊದಲ ಹಣ್ಣು ನಿನ್ನದೇ ಎಂದು ಮಾತು ಕೊಟ್ಟಿದ್ದಳು.

ಅವ್ವನ ಹಟಕ್ಕೆ ಇಷ್ಟು ದಿನ ಸುಮ್ಮನಿದ್ದ ಬಸವಣ್ಣೆಪ್ಪ, ಅಮಾವಾಸ್ಯೆಯ ಹಿಂದಿನ ದಿನ ಸೀರೆ ಎತ್ತಿ ನೋಡಿದ. ಮಂಜಿನ ನೀರು ಒಳಗೇ ನಿಂತು, ಹಣ್ಣುಗಳ ಮೇಲೆ ಬೂದು ಬಣ್ಣದ ಬೂಷ್ಟು ಎದ್ದಿತ್ತು. ಬೆರಳು ತಾಗಿದರೆ ಹೊಗೆಯಂತೆ ಹಾರುತ್ತಿತ್ತು. ಕಲಘಟಗಿಗೆ ಓಡಿ, ಊರವರು ಎಣ್ಣಿ ಎನ್ನುವ ಔಷಧದ ಪುಡಿ ತಂದ. ಬೆನ್ನಿಗೆ ಕಟ್ಟುವ ಪಂಪನ್ನು ಪಕ್ಕದ ಹೊಲದ ನಿಜಾಮಸಾಬನಿಂದ ಕೇಳಿ ತಂದ.

"ಯವ್ವಾ, ಎಣ್ಣಿ ಹೊಡೀಬೇಕು. ಇಲ್ಲಂದ್ರ ಒಂದು ಹಣ್ಣೂ ಉಳಿಯೂದಿಲ್ಲ."

"ನಾಳೆ ಚರಗ. ಬಸುರಿ ಹೊಲಕ್ಕ ವಿಷಾ ಹೊಡೀತಿಯೇನೋ, ಖೋಡಿ?"

"ಹೊದಿಸಿ ಹೊದಿಸಿ ನೀನ ಅವುಕ್ಕ ಉಸುರು ಕಟ್ಟಿಸೀದಿ ಬೇ! ಅವುಕ್ಕ ಬೇಕಾದ್ದು ಗಾಳಿ."

ಕೆಂಚವ್ವ ಸೀರೆಯ ಒಳಮೈ ತಿರುವಿ ನೋಡಿದಳು. ತನ್ನ ಮದುವೆಯ ಸೀರೆಯದು; ತುಂಬ ಬೂದು ಮೆತ್ತಿತ್ತು. ಬದುವಿನ ಮೇಲೆ ಕೂತು ಅತ್ತಳು. ಅತ್ತು ಮುಗಿಸಿ ಎದ್ದು, ಕೊಳೆತದ್ದನ್ನೆಲ್ಲ ತಾನೇ ಕಿತ್ತು ಗುಂಡಿಯಲ್ಲಿ ಹೂತಳು. ಸೀರೆ ಸಾಲದೆ ಬಯಲಿಗೇ ಉಳಿದಿದ್ದ ಕೊನೆಯ ಗಿಡದಲ್ಲಿ ಒಂದೇ ಒಂದು ಹಣ್ಣು ಚೊಕ್ಕವಾಗಿತ್ತು. ಪಂಪು ಶುರುವಾಗುವ ಮೊದಲೇ ಅದನ್ನು ಬಿಡಿಸಿಕೊಂಡಳು.

"ಇನ್ನ ಒಂದು ವಾರ ಯಾರೂ ಬಾಯಾಗ ಹಾಕಬ್ಯಾಡ್ರಿ," ಎನ್ನುತ್ತಾ ಬಸವಣ್ಣೆಪ್ಪ ಗಾಳಿಗೆ ಬೆನ್ನು ಕೊಟ್ಟು ಸಿಂಪಡಿಸಿದ. ಬಿಳಿಯ ತುಂತುರು ಸಂಜೆಬಿಸಿಲಲ್ಲಿ ತೇಲಿ ತೇಲಿ ಇಳಿಯಿತು. ಗಿಡಗಳು ಕಣ್ಣು ಮುಚ್ಚಿ ಮೈತೊಳೆಸಿಕೊಳ್ಳುತ್ತಿವೆ ಎನ್ನಿಸಿತು ಕೆಂಚವ್ವನಿಗೆ.

ಅಮಾವಾಸ್ಯೆಯ ಬೆಳಿಗ್ಗೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಬುಟ್ಟಿ ಕಟ್ಟಿಯಾಯಿತು. ಅಮಾವಾಸ್ಯೆಯಂದು ಬಸುರಿ ಹೊಸ್ತಿಲು ದಾಟಬಾರದೆಂಬುದು ಕೆಂಚವ್ವನದೇ ಕಟ್ಟಳೆ. ಅವಳೇ ಒಳಕೋಣೆಗೆ ಹೋಗಿ ಕಿಟಕಿ ತೆರೆದಳು. ಅಂಗೈಯಲ್ಲಿ ಹಣ್ಣಿತ್ತು.

"ಸೆರಗಿನ್ಯಾಗ ಕಟ್ಟಿಡಾಕ ಕೈ ಹೋತು. ಕಟ್ಟಲಿಲ್ಲ ನೋಡು. ರಾತ್ರಿಯೆಲ್ಲಾ ಗಾಳಿಗಿಟ್ಟಿದ್ದೆ."

ನೀಲಕ್ಕ ಕೈ ಚಾಚಿದಳು. ಕೆಂಚವ್ವ ಕೊಡಲಿಲ್ಲ.

"ಇಲ್ಲಿ ಅಲ್ಲ. ಹೊಲದಾಗ ಕುಂತು ತಿನ್ನೀಯಂತ, ಏಳು."

"ಅತ್ತಿ, ಇವತ್ತ ಅಮಾಸಿ ಐತಲ್ರಿ?"

"ಗೊತ್ತೈತಿ. ನನಗ ಅಂಜಿಕಿ ಆಗೇತಿ, ಕೈ ಹಿಡ್ಕೋ."

ನೀಲಕ್ಕ ಆ ಕೈ ಹಿಡಿದು ಹೊಸ್ತಿಲು ದಾಟಿದಳು; ಹೊಲ ಮುಟ್ಟುವವರೆಗೂ ಬಿಡಲಿಲ್ಲ.