ಯಂತ್ರ ಕಾಣದ ಎಡಗಲ್ಲ

ಮೊಮ್ಮಗ ಚಿದಾನಂದ ತನ್ನ ತಂಗಿ ಸೌಂದರ್ಯಾಳ ಒಂದೇ ಒಂದು ಫೋಟೊ ಮೊಬೈಲಿಗೆ ಹಾಕಿದ. ಬಲಗಡೆಯಿಂದ ತೆಗೆದದ್ದು. ಅದೊಂದರಿಂದ ಆ ಮೊಬೈಲು ಎಂಟು ಚಿತ್ರ ಮಾಡಿಕೊಟ್ಟಿತು. ಕ್ಯಾಮೆರಾ ಮುಗಿಲಿನಿಂದ ಇಳಿದಂಗ ಒಂದು, ನೆಲದ ಮ್ಯಾಲಿಟ್ಟು ಎತ್ತಿ ನೋಡಿದಂಗ ಒಂದು. ದೂರದಾಗ ಹೊಳಿದಂಡಿಗೆ ನಿಂತದ್ದು ಒಂದು, ಬರೇ ಕಣ್ಣೇ ತುಂಬಿದ್ದು ಇನ್ನೊಂದು. ಸಿನಿಮಾದವರು ಹಿಂಗ ಶಾಟ್ ತೆಗಿತಾರ ಮುತ್ಯಾ, ಇದಕ್ಕ ಎಐ ಅಂತಾರ, ಹೇಳಿದಂಗ ಚಿತ್ರ ಬರಿತೈತಿ ಅಂದ.

ಏಳನೆಯದು ಎಡಗಡೆಯಿಂದ ಇತ್ತು. ಅದರಾಗ ಸೌಂದರ್ಯಾಳ ಎಡಗಲ್ಲ ಬೆಣ್ಣೆಯಂಗ ನುಣ್ಣಗಿತ್ತು.

ಖರೆ ಅಂದ್ರ ಆ ಗಲ್ಲದ ಮ್ಯಾಲೆ ಅಂಗೈಯಗಲ ಸುಟ್ಟ ಕಲೆ ಐತಿ. ಆಗ ಆಕೆಗೆ ಐದು ವರ್ಷ. ಬೆಲ್ಲ ಕುದಿಯೋದು ತೋರಿಸ್ತೀನಿ ಬಾ ಅಂತ ಗಾಣಕ್ಕೆ ಕರಕೊಂಡು ಹೋದವನು ನಾನೇ. ಕೊಪ್ಪರಿಗೆ ಉಕ್ಕಿ ಸಿಡಿಯಿತು. ಇಪ್ಪತ್ತು ವರ್ಷ ಆತು.

ಯಂತ್ರಕ್ಕ ಇದೆಲ್ಲ ಹ್ಯಾಂಗ ಗೊತ್ತಾಗಬೇಕು? ತಾನು ಕಾಣದ ಕಡೆಯನ್ನು ಅದು ತನಗ ತಿಳಿದಂಗ ತುಂಬಿತ್ತು. ನಾನು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ. ಆ ದಿನ ಕೂಸನ್ನು ಮನಿಯಾಗ ಬಿಟ್ಟು ಹೋಗಿದ್ದರೆ ಹಿಂಗೇ ಇರುತ್ತಿದ್ದಳು. ಚಿದಾನಂದ ಎಂಟೂ ಚಿತ್ರಗಳನ್ನು ಹೆಣ್ಣು ಕೇಳಿದ್ದ ಸಾವಳಗಿಯವರಿಗೆ ಕಳಿಸಿದ. ನಾನು ಬ್ಯಾಡ ಅನ್ನಲಿಲ್ಲ.

ಮೂರು ದಿನಕ್ಕೆ ಅಲ್ಲಿಂದ ಸುದ್ದಿ ಬಂತು. ಫೋಟೊ ಮನಸ್ಸಿಗೆ ಬಂದಾವ, ಸೋಮವಾರ ಬರ್ತೀವಿ ಅಂತ. ಯಾವ ಫೋಟೊ ಅಂತ ಸೌಂದರ್ಯಾ ಆವಾಗ ಕೇಳಿದಳು. ಅಣ್ಣ ತೋರಿಸಿದ. ಏಳನೆಯದಕ್ಕ ಆಕೆಯ ಬೆರಳು ನಿಂತಿತು. ಅವತ್ತು ಪೌಡರ್ ಹಚ್ಚಿದ್ರ ಅಷ್ಟು ಕಾಣಂಗಿಲ್ಲ ಅಂತ ಅವನು ಸಣ್ಣ ದನಿಯಲ್ಲಿ ಅಂದ.

"ಅಣ್ಣಾ, ಅವರು ಒಪ್ಪಿದ್ದು ಈ ಚಿತ್ರದಾಗಿನ ಇಕಿನ್ನ. ಸೋಮವಾರ ಇಕಿನ್ನ ಎಲ್ಲಿಂದ ತರ್ತಿ?"

ಅವನೊಬ್ಬಂದ ತಪ್ಪಲ್ಲ, ಗೊತ್ತಿದ್ದೂ ನಾ ಸುಮ್ಮನಿದ್ದೆ ಅಂತ ನಾನು ಹೇಳಿದೆ. ಆಕೆ ಮೊಬೈಲ್ ಇಸಕೊಂಡು, ಮುಖ ಕಾಣುವಂಗ ಹುಡುಗನಿಗೇ ಕರೆ ಹಚ್ಚಿದಳು. ವೀರೇಶ ಅಂತ ಅವನ ಹೆಸರು. ನಮಸ್ಕಾರಕ್ಕೂ ಮೊದಲು ಎಡಗಲ್ಲ ತಿರುವಿದಳು.

"ಮೊದಲ ಈ ಕಡೆ ನೋಡ್ರಿ. ಫೋಟೊದಾಗ ಇದು ಬಂದಿಲ್ಲ."

ವೀರೇಶ ಮೊಬೈಲ್ ಹತ್ತಿರ ಹಿಡಿದು ನೋಡಿದ.

"ಹೆಂಗಾತ್ರಿ ಇದು?"

ನಾನು ತಲಿ ತಗ್ಗಿಸಿದೆ.

"ಸಣ್ಣಾಕಿದ್ದಾಗ ಬೆಲ್ಲ ಸಿಡಿದಿತ್ರಿ. ನಮ್ಮ ಮುತ್ಯಾ ನನ್ನ ಹೆಗಲಿಗೆ ಹಾಕ್ಕೊಂಡು ತೇರದಾಳ ದವಾಖಾನಿ ತನಕಾ ಓಡಿದ್ದ. ಕಾಲಾಗ ಚಪ್ಪಲಿ ಇರಲಿಲ್ಲ. ನನಗ ಅದೊಂದ ನೆನಪೈತಿ."

ಹುಡುಗ ಉಸಿರು ಬಿಟ್ಟಿದ್ದು ನನಗೂ ಕೇಳಿಸಿತು. ಅವನೇ ನಗಲಿಕ್ಕೆ ಹತ್ತಿದ. ಒಂದೊಂದು ಫೋಟೊದಾಗ ಒಂದೊಂದು ನಮೂನಿ ಕಿವಿಯೋಲೆ ಇದ್ದವಂತ. ಇಷ್ಟು ಬಂಗಾರ ಇದ್ದವರು ನಮ್ಮಂಥವರ ಮನಿಗಿ ಹೆಣ್ಣು ಯಾಕ ಕೊಡ್ತಾರ ಅಂತ ಅವರವ್ವ ಚಿಂತಿ ಹಚ್ಚಿಕೊಂಡು ಕುಂತಿದ್ದಳಂತ. ಒಂದೇ ಜೋಡು ಐತ್ರಿ, ಅದೂ ನಮ್ಮವ್ವಂದು ಅಂತ ಸೌಂದರ್ಯಾ ಅಂದಳು.

"ಹಂಗಾದ್ರ ಛಲೋ ಆತು. ಸೋಮವಾರ ಬರ್ತೀವ್ರಿ," ಅಂದ ವೀರೇಶ.

ಆಕೆ ಮೊಬೈಲ್ ಕೆಳಗಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಖರೇನ ಚಪ್ಪಲಿ ಇರಲಿಲ್ಲೇನ ಯವ್ವಾ?"

"ಇರಲಿಲ್ಲ ಮುತ್ಯಾ. ನನಗ ಮಲಾಮು ಹಚ್ಚಿದ ಮ್ಯಾಲೆ ಡಾಕ್ಟರ್ ನಿನ್ನ ಕಾಲಾನ ಮುಳ್ಳು ತಗದ್ರು."

ಆ ಮುಳ್ಳು ನನಗೆ ನೆನಪೇ ಇಲ್ಲ. ಗಾಣಕ್ಕೆ ಹೋದ ದಾರಿ ಒಂದೊಂದು ಹೆಜ್ಜೆಯೂ ನೆನಪೈತಿ. ಅಲ್ಲಿಂದ ಓಡಿದ ದಾರಿಯನ್ನು ಆಕೆ ಇಟ್ಟುಕೊಂಡಿದ್ದಳು.